ಮಂಚದಿಂದ ಕಂಡ ಶರಪಂಜರ



ಕಳೆದ ಮಳೆಗಾಲದಲ್ಲಿ ಗುರುನಿವಾಸದ ಮೆಟ್ಟಿಲ ಮೇಲೆ ಜಾರಿಬಿದ್ದು ನನ್ನ ಬಲಗಾಲಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸರಳು ಕೂರಿಸಿದ ವೈದ್ಯರು ಎರಡು ತಿಂಗಳು ಕಾಲೂರಬಾರದೆಂದು ವಿಧಿಸಿದರು. ಧರ್ಮಾಧ್ಯಕ್ಷರ ಅನುಮತಿ ಪಡೆದು ತಮ್ಮನ ಮನೆ ಸೇರಿದೆ. ಹದಿನೈದರ ವಯಸ್ಸಿನಲ್ಲಿ ಕಿರಿಯ ಗುರುಮಠಕ್ಕೆ ಹೊರಟವನು ಮನೆಯವರ ನಡುವೆ ಇಷ್ಟು ದೀರ್ಘಕಾಲ ಉಳಿದದ್ದು ಇದೇ ಮೊದಲು. ನಾಲ್ಕು ಜನರೆದುರು ನನ್ನನ್ನು 'ಸ್ವಾಮಿ' ಎಂದೇ ಕರೆಯುವ ತಾಯಿ, ಮೂರನೆಯ ದಿನಕ್ಕೆ "ಮಗಾ, ಗಂಜಿ ಕುಡಿ" ಎಂದರು.

ಮೊದಲ ವಾರ ಜಪಸರ, ಪ್ರಾರ್ಥನಾ ಪುಸ್ತಕ, ಸಂತರ ಚರಿತ್ರೆ. ಎರಡನೆಯ ವಾರಕ್ಕೆ, ನಿಜ ಹೇಳಿಬಿಡುತ್ತೇನೆ, ಟಿವಿ. ತಮ್ಮನ ಮಗಳು ಅದಕ್ಕೆ ಇಂಟರ್‌ನೆಟ್ ಜೋಡಿಸಿ, "ದೊಡ್ಡಪ್ಪಾ, ಯಾವ ಕಾಲದ್ದು ಬೇಕಾದರೂ ಸಿಗುತ್ತೆ" ಎಂದು ರಿಮೋಟನ್ನು ಕೈಗಿತ್ತಳು.

ಮೊದಲು ನೋಡಿದ್ದು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'. 1980ರ ದಶಕದಲ್ಲಿ ಗುರುಮಠದ ಏಕೈಕ ಟಿವಿಯ ಮುಂದೆ, ರೆಕ್ಟರರ ಕೃಪೆಯಿಂದ, ಅದನ್ನು ನೋಡಿದ್ದೆವು. ಆಗ ನಾವೆಲ್ಲರೂ ಸ್ವಾಮಿಯ ಪಕ್ಷ. ಈಗ ನೋಡಿದರೆ, ಗಿರೀಶ ಕಾರ್ನಾಡರು ಅಭಿನಯಿಸಿದ ಆ ಕಟ್ಟುನಿಟ್ಟಿನ ತಂದೆಯ ಕಷ್ಟವೇ ನನಗೆ ಹೆಚ್ಚು ಅರ್ಥವಾಗತೊಡಗಿತು! ಹೊಸದರಲ್ಲಿ, 2024ರಲ್ಲಿ ಬಂದ 'ಏಕಂ' ಮೆಚ್ಚುಗೆಯಾಯಿತು. ಕರಾವಳಿಯ ಕಥೆಗಳು, ಅವಸರವಿಲ್ಲದ ನಿರೂಪಣೆ.

ಪೋಲೆಂಡಿನ ಕಿಸ್ಲೋವ್‌ಸ್ಕಿ ದೂರದರ್ಶನಕ್ಕಾಗಿ ನಿರ್ಮಿಸಿದ, ದಶಾಜ್ಞೆಗಳನ್ನು ಆಧರಿಸಿದ ಹತ್ತು ಕಂತುಗಳ 'ಡೆಕಲಾಗ್' ಕೂಡ ಸಿಕ್ಕಿತು. ಸಿನಿಮಾ ಹುಟ್ಟಿ ನೂರು ವರ್ಷವಾದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಅಭ್ಯಾಸದ ನಮ್ಮ ಹುಡುಗಿ ಮೊದಲ ಕಂತಿಗೂ ಹಾಗೆಯೇ ಕುಳಿತಳು. ಹೆಪ್ಪುಗಟ್ಟಿದ ಕೊಳದ ಮಂಜುಗಡ್ಡೆ ಎಷ್ಟು ಭಾರ ತಾಳಬಲ್ಲದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಗನಿಗೆ ಭರವಸೆ ನೀಡಿದ ತಂದೆ, ಕೊಳದ ದಡಕ್ಕೆ ಬಂದು ನಿಂತಾಗ ಅವಳೇ ರಿಮೋಟ್ ತೆಗೆದುಕೊಂಡು ವೇಗವನ್ನು ಮಾಮೂಲಿಗೆ ಇಳಿಸಿದಳು.

ಒಂದು ಸಂಜೆ ತಾಯಿ, "ಕಲ್ಪನಾದು ಹಾಕು" ಎಂದರು. ಪುಟ್ಟಣ್ಣ ಕಣಗಾಲರ 'ಶರಪಂಜರ', 1971ರದು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿ ಅದಕ್ಕೆ ಆಧಾರ. ಕಥೆ ನಿಮಗೆ ತಿಳಿದದ್ದೇ. ಬಾಣಂತನದ ಬಳಿಕ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆಸ್ಪತ್ರೆ ಅವಳನ್ನು ಗುಣಪಡಿಸಿದೆ, ಆದರೆ ಮನೆ ಅದನ್ನು ನಂಬುವುದಿಲ್ಲ. ನಕ್ಕರೆ ಅನುಮಾನ, ಸಿಟ್ಟಾದರೆ ಭಯ. ಗಂಡನ ಮನಸ್ಸು ಆಗಲೇ ಬೇರೆಡೆಗೆ ತಿರುಗಿದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಯೌವನದಲ್ಲಿ ಇದನ್ನು ನೋಡಿ ಗಂಡನನ್ನು ಶಪಿಸಿದ್ದೆ. ಈ ಸಲ ಮಂಚದ ಮೇಲಿದ್ದೆ. ನನ್ನದು ಬರಿಯ ಕಾಲು, ಅವಳ ನೋವಿಗೆ ಹೋಲಿಕೆಯಲ್ಲ. ಆದರೂ ನೀರಿನ ಲೋಟಕ್ಕೆ ಕೈಚಾಚಿದರೆ ಮೂವರು ಓಡಿಬರುತ್ತಿದ್ದರು. ನೋಡಲು ಬಂದವರು ನನ್ನೊಡನೆ ಮಾತನಾಡುತ್ತ ಕಾಲನ್ನು ನೋಡುತ್ತಿದ್ದರು. ಔಷಧಿಯ ವಿಷಯವನ್ನು ನನ್ನನ್ನು ಬಿಟ್ಟು ತಮ್ಮನನ್ನು ಕೇಳುತ್ತಿದ್ದರು. ಒಂದು ದಿನ ತಾಳಲಾರದೆ ಗದರಿಬಿಟ್ಟೆ. "ನೋವಿಗೆ ಹಾಗಾಡ್ತಾರೆ ಪಾಪ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಪರದೆಯ ಮೇಲೆ ಕಾವೇರಿಯ ಮುಖ ಕಂಡಾಗ ಆ ಪಿಸುಮಾತು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಮುಖವೂ ಬಂತು.

ಹದಿನಾಲ್ಕು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುತ್ತಿದ್ದರು. ಪ್ರವಾದಿಗಳ ಮಾತು ಅವರ ಬಾಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಮನಸ್ಸಿನ ಕಾಯಿಲೆಯಾಗಿ ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಮರಳಿದರು. "ಈ ಭಾನುವಾರದಿಂದ ಓದಲಾ ಸ್ವಾಮಿ?" ಎಂದು ಕೇಳಿದರು. ನಾನು, "ಇನ್ನೂ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಮ್ಮಾ" ಎಂದೆ. ಅದನ್ನು ಕರುಣೆಯೆಂದೇ ಭಾವಿಸಿದ್ದೆ. ಒಳಗಿದ್ದದ್ದು ಬೇರೆ: ಪೀಠದ ಬಳಿ ಏನಾದರೂ ಆಗಿಬಿಟ್ಟರೆ ಎಂಬ ಅಂಜಿಕೆ. ಅವರು ಮತ್ತೆ ಕೇಳಲಿಲ್ಲ. ವಾಚಕರ ಪಟ್ಟಿಯಲ್ಲಿ ಬೇರೆಯವರ ಹೆಸರು ಸೇರಿತು. ಅನಂತರ ನನಗೆ ವರ್ಗವಾಯಿತು.

ಚಿತ್ರ ಮುಗಿದಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪಿಗಳು" ಎಂದರು. ನಾನು ಮಾತಾಡಲಿಲ್ಲ.

ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಆ ಊರಿಗೆ ಹೋದೆ. ಅವರೇ ಬಾಗಿಲು ತೆರೆದರು. ಕುರ್ಚಿ ಹಾಕಿ, ಊರುಗೋಲನ್ನು ನನ್ನ ಕೈಗೆಟುಕುವಂತೆ ಗೋಡೆಗೊರಗಿಸಿದರು. ಬಂದ ಕಾರಣವನ್ನು ತಡವರಿಸುತ್ತಲೇ ಹೇಳಿ ಕ್ಷಮೆ ಕೇಳಿದೆ. ಈಗಿನ ಗುರುಗಳಿಗೆ ಹೇಳಲೇ, ಮತ್ತೆ ಓದುವಿರಾ ಎಂದೂ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆವಾಗ ತುಂಬಾ ಆಸೆ ಇತ್ತು ಸ್ವಾಮಿ," ಎಂದರು. "ಈಗ ಕಣ್ಣಿಗೆ ಪೊರೆ ಬಂದಿದೆ. ಅಕ್ಷರ ಕಾಣೋದಿಲ್ಲ."

ಆಮೇಲೆ ಎದ್ದು ಕಾಫಿ ಮಾಡಲು ಒಳಗೆ ಹೋದರು.