ಹಣೆಬರಹವೋ, ನಾಲಿಗೆಯೋ?

ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲಿಯೇ ಓದಿ ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಕಟ್ಟಿದೆ. ಯೇಟ್ಸ್, ಸೆಂಘೋರರ ಕವಿತೆಗಳು ಹೇಗೋ ಮುಗಿದುವು. ಬಿಡದೆ ಕಾಡಿದುವು ಎರಡು ನಾಟಕಗಳು. ಒಂದು, ಗ್ರೀಸಿನ ಸಾಫೊಕ್ಲಿಸನ ‘ಈಡಿಪಸ್’. ಇನ್ನೊಂದು, ಅದೇ ಕಥೆಯನ್ನು ಯೊರುಬಾ ನಾಡಿಗೆ ತಂದು ನೈಜೀರಿಯದ ಓಲಾ ರೊಟಿಮಿ ಬರೆದ ‘ದೇವತೆಗಳದಲ್ಲ ತಪ್ಪು’. 1968ರಲ್ಲಿ ಇಫೆ ಪಟ್ಟಣದಲ್ಲಿ ಮೊದಲು ರಂಗಕ್ಕೆ ಬಂದುದು.

ಓದಿದ್ದನ್ನು ಯಾರಿಗಾದರೂ ಹೇಳದೆ ನನ್ನ ತಲೆಯಲ್ಲಿ ನಿಲ್ಲದು. ಮೂರು ದಾರಿ ಕೂಡುವೆಡೆಯಲ್ಲಿ ಈಡಿಪಸ್ ಅರಿಯದೆ ತಂದೆಯನ್ನು ಕೊಂದನೆಂದಾಗ, ಹೂ ಕಟ್ಟುತ್ತಿದ್ದ ಅತ್ತೆಯವರು “ಹಣೆಬರಹ ಕಣಮ್ಮ” ಎಂದರು. ರೊಟಿಮಿಯ ಒಡೆವಾಲೆ ಕೊಲ್ಲುವುದೂ ತಂದೆಯನ್ನೇ. ಆದರೆ ಗೆಣಸಿನ ಹೊಲದ ಜಗಳದಲ್ಲಿ ಆ ಮುದುಕ ಅವನ ಬುಡಕಟ್ಟನ್ನು ಹೀಯಾಳಿಸಿದ ಮೇಲೆ. 1967ರಿಂದ 1970ರವರೆಗೆ ನೈಜೀರಿಯದಲ್ಲಿ ಅಂತರ್ಯುದ್ಧ ಉರಿಯುತ್ತಿತ್ತಲ್ಲ, ನಾಟಕಕಾರನ ಕಣ್ಣು ಅಲ್ಲಿದೆ.

“ಇದಕ್ಕೆ ಹಣೆಯೇಕೆ? ನಾಲಿಗೆಯೇ ಸಾಕು” ಎಂದ ಅತ್ತೆಯವರ ಕೈಯಲ್ಲಿ ನಾರು ನಿಂತುಬಿಟ್ಟಿತು. ಆಸ್ತಿ ಪಾಲಾದ ದಿನ ಆಡಿದ ಒಂದು ಮಾತಿಗಾಗಿ ಅವರು ಅಣ್ಣನ ಮನೆಯ ಹೊಸಲು ತುಳಿಯದೆ ಹನ್ನೆರಡು ವರ್ಷಗಳಾಗಿದ್ದುವು. ಸ್ವಲ್ಪ ಹೊತ್ತಿನ ಮೇಲೆ, “ಅಣ್ಣನ ವಿಳಾಸ ನಿನ್ನಲ್ಲಿದೆಯೇ?” ಎಂದು ಕೇಳಿದರು. ಬರೆದುಕೊಟ್ಟೆ.

ಪರೀಕ್ಷೆಯಲ್ಲಿ ಇವೆರಡನ್ನೇ ಹೋಲಿಸಲು ಕೇಳಿದ್ದರು. ಪುಟಗಟ್ಟಲೆ ಬರೆದು ಬಂದೆ. ವಿಳಾಸದ ಚೀಟಿ ಮಾತ್ರ ಇನ್ನೂ ಅತ್ತೆಯವರ ಕುಂಕುಮದ ಭರಣಿಯ ಕೆಳಗೇ ಇದೆ.