ಬಾಲಕನ ಪ್ರಶ್ನೆಗೆ ತಡವಾದ ಉತ್ತರ



ಆಗಸ್ಟ್ 15 ನಮ್ಮ ಪಾಲಿಗೆ ಎರಡು ಹಬ್ಬಗಳ ದಿನ. ಮುಂಜಾನೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಬಲಿಪೂಜೆ. ಅದು ಮುಗಿದೊಡನೆ ದೇವಾಲಯದ ಅಂಗಳದಲ್ಲಿ ಧ್ವಜಾರೋಹಣ. ನಾನು ಸೈನ್ಯದಿಂದ ನಿವೃತ್ತನಾಗಿ ಊರಿಗೆ ಮರಳಿದಂದಿನಿಂದ ಧ್ವಜದ ಹಗ್ಗ ಎಳೆಯುವ ಗೌರವವನ್ನು ನಮ್ಮ ಧರ್ಮಕೇಂದ್ರದ ಗುರುಗಳು ನನಗೇ ಒಪ್ಪಿಸುತ್ತಾ ಬಂದಿದ್ದಾರೆ. ಪದಕಗಳನ್ನು ಧರಿಸಿ ವಂದನೆ ಸಲ್ಲಿಸುತ್ತೇನೆ. ಮಕ್ಕಳು ಜಯಕಾರ ಹಾಕುತ್ತಾರೆ. ಮಿಠಾಯಿ ಹಂಚಿದ ಮೇಲೆ ಎಲ್ಲರೂ ಮನೆಗೆ ಹೊರಡುತ್ತಾರೆ.

ಕಳೆದ ವರ್ಷ ಮಾತ್ರ ನಾನು ಭಾರವಾದ ಮನಸ್ಸಿನಿಂದ ಮನೆಗೆ ಹೋದೆ. ಧರ್ಮೋಪದೇಶದ ತರಗತಿಗೆ ಬರುವ ಬಾಲಕನೊಬ್ಬ ನನ್ನ ಪದಕಗಳನ್ನು ಮುಟ್ಟಿ ನೋಡಿ, "ತಾತ, ಕಾರ್ಗಿಲ್‌ನಲ್ಲಿ ನೀವು ಎಷ್ಟು ಜನರನ್ನು ಕೊಂದಿರಿ?" ಎಂದು ಕೇಳಿದ. ಸುತ್ತಲಿದ್ದ ಹಿರಿಯರು ನಕ್ಕರು. ಸಂಖ್ಯೆ ದೊಡ್ಡದಾಗಿರಲಿ ಎಂಬ ನಿರೀಕ್ಷೆ ಅವರ ಮುಖದಲ್ಲೂ ಇತ್ತು. ನಾನು ಅವನ ತಲೆ ಸವರಿ, "ಮೊದಲು ಮಿಠಾಯಿ ತಿನ್ನು ಮಗು" ಎಂದು ಜಾರಿಕೊಂಡೆ. ಅಂದು ಕೊಡಲಾರದ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಎಷ್ಟು ಜನರೆಂದು ನನಗೆ ತಿಳಿಯದು. ನಾನು ಫಿರಂಗಿ ದಳದವನು. 1999ರಲ್ಲಿ ನಮ್ಮ ಬೋಫೋರ್ಸ್ ತೋಪು ದ್ರಾಸ್ ಕಣಿವೆಯಲ್ಲಿತ್ತು. ಗುರಿ ಇದ್ದುದು ಮೈಲಿಗಳಾಚೆಯ ಶಿಖರಗಳ ಮೇಲೆ. ವೈರ್‌ಲೆಸ್‌ನಲ್ಲಿ ಆದೇಶ ಬರುತ್ತಿತ್ತು, ನಾವು ಗುಂಡು ತುಂಬುತ್ತಿದ್ದೆವು, ತೋಪು ಗರ್ಜಿಸುತ್ತಿತ್ತು. ಅದು ಯಾರ ಮೇಲೆ ಬಿತ್ತೆಂಬುದು ತೋಪಿನ ಬಳಿ ನಿಂತವನಿಗೆ ಕಾಣುವುದಿಲ್ಲ. ಅತ್ತ ಕಡೆಯ ಗುಂಡುಗಳೂ ನಮ್ಮ ಸುತ್ತ ಬೀಳುತ್ತಿದ್ದವು. ನಮ್ಮ ತಂಡದಲ್ಲಿ ಪಂಜಾಬಿನವರಿದ್ದರು, ಬಿಹಾರದವರಿದ್ದರು, ತಮಿಳುನಾಡಿನವರಿದ್ದರು. ಬಿಡುವು ಸಿಕ್ಕಾಗ ನಾನು ಜಪಸರ ಹಿಡಿದರೆ ಅವರು ಮಾತು ನಿಲ್ಲಿಸಿ ಸುಮ್ಮನೆ ಕುಳಿತಿರುತ್ತಿದ್ದರು. ನಿಜ ಹೇಳುವುದಾದರೆ, ಆ ದಿನಗಳಲ್ಲಿ ಶತ್ರುವಿನ ಮೇಲಿನ ದ್ವೇಷಕ್ಕೆ ನನಗೆ ಬಿಡುವೇ ಇರಲಿಲ್ಲ. ಪಕ್ಕದಲ್ಲಿದ್ದವರು ಬದುಕಬೇಕು, ನಮ್ಮ ತೋಪುಗಳನ್ನೇ ನಂಬಿ ಕತ್ತಲಲ್ಲಿ ಬಂಡೆ ಹತ್ತುತ್ತಿರುವ ಪದಾತಿ ಯೋಧರು ಬದುಕಬೇಕು ಎಂಬುದೊಂದೇ ಚಿಂತೆ.

ಯುದ್ಧ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಗಡಿ ದಾಟಿ ಬಂದವರನ್ನು ಹಿಮ್ಮೆಟ್ಟಿಸಲೇಬೇಕಿತ್ತು. ಅದಕ್ಕಾಗಿ ನಮ್ಮ 527 ಯೋಧರು ಪ್ರಾಣ ತೆತ್ತರು. ಅವರ ಹೆಸರುಗಳ ಮುಂದೆ ನನ್ನ ಪದಕಗಳು ಏನೂ ಅಲ್ಲ.

ಆದರೆ ಆ ಬಾಲಕನಿಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಶಿಖರಗಳು ನಮ್ಮ ವಶವಾದಾಗ ಅಲ್ಲಿ ಪಾಕಿಸ್ತಾನಿ ಸೈನಿಕರ ಶವಗಳು ಉಳಿದಿದ್ದವು. ಅವರು ತನ್ನ ಸೈನಿಕರೆಂದು ಒಪ್ಪಿಕೊಳ್ಳಲು ಆ ದೇಶವೇ ಆಗ ಹಿಂಜರಿಯಿತು. ಅಂತಹ ಅನೇಕರನ್ನು ನಮ್ಮ ಸೈನ್ಯವೇ ಇಸ್ಲಾಂ ಧರ್ಮದ ವಿಧಿಯಂತೆ ಮಣ್ಣು ಮಾಡಿತು. ನಾನದನ್ನು ಕಣ್ಣಾರೆ ಕಂಡವನಲ್ಲ. ಕೆಳಗಿಳಿದು ಬಂದ ಯೋಧರು ಚಹಾ ಕುಡಿಯುತ್ತಾ ಹೇಳಿದರು: ಅಗೆಯಲಾಗದ ಆ ನೆಲದಲ್ಲಿ ಕಲ್ಲು ಸರಿಸಿ ಜಾಗ ಮಾಡಿದರಂತೆ, ಪ್ರಾರ್ಥನೆ ಮುಗಿಯುವ ತನಕ ತಲೆ ಬಾಗಿಸಿ ನಿಂತಿದ್ದರಂತೆ. ತಮ್ಮ ಗೆಳೆಯರನ್ನು ಕಳೆದುಕೊಂಡು ಇನ್ನೂ ಕೆಲವೇ ದಿನಗಳಾಗಿದ್ದವರು ಅವರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ತುಂಬಿದ ಗುಂಡಿಗೆ ಬಲಿಯಾದವರೂ ಆ ಕಲ್ಲುಗಳ ಕೆಳಗಿದ್ದಾರೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನೊಡನೆ ಇದೆ.

ಟೈಗರ್ ಹಿಲ್‌ನಲ್ಲಿ ಮಡಿದ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಅವರ ವಿಷಯ ನಿಮ್ಮಲ್ಲಿ ಕೆಲವರು ಓದಿರಬಹುದು. ಅವರ ಶೌರ್ಯವನ್ನು ಮೆಚ್ಚಿದ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವರು, ಈತ ವೀರಾವೇಶದಿಂದ ಹೋರಾಡಿದನೆಂದು ಚೀಟಿ ಬರೆದು ಶವದ ಜೇಬಿನಲ್ಲಿರಿಸಿ ಕಳುಹಿಸಿದರು. ಆ ದೇಶ ಅವರಿಗೆ ತನ್ನ ಅತ್ಯುನ್ನತ ಶೌರ್ಯ ಪದಕವಾದ ನಿಶಾನ್-ಎ-ಹೈದರ್ ನೀಡಿತು. ಚೀಟಿ ಬರೆದ ಅಧಿಕಾರಿಯ ದೇಶಪ್ರೇಮವನ್ನು ಯಾರು ತಾನೇ ಶಂಕಿಸಬಲ್ಲರು? ಟೈಗರ್ ಹಿಲ್ ಅನ್ನು ಗೆದ್ದುಕೊಟ್ಟ ಬ್ರಿಗೇಡ್ ಅವರದೇ ಆಗಿತ್ತು.

ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ, ಪ್ರಭುವನ್ನು ಬರಮಾಡಿಕೊಳ್ಳಲು ನಾವು ಯೋಗ್ಯರಲ್ಲವೆಂದು ಹೇಳಿಕೊಳ್ಳುತ್ತೇವಷ್ಟೆ. ಆ ಮಾತು ಒಬ್ಬ ಸೈನಿಕನದು ಎಂಬುದನ್ನು ನೆನಪಿಸಿಕೊಳ್ಳಿ. ಕಫೆರ್ನವುಮ್ ಊರಿನ ಆ ಶತಾಧಿಪತಿ ಯೆಹೂದ್ಯನಲ್ಲ. ಆದರೂ ಆತ ತಮ್ಮ ಜನರನ್ನು ಪ್ರೀತಿಸುತ್ತಾನೆ, ತಮಗೆ ಪ್ರಾರ್ಥನಾಮಂದಿರ ಕಟ್ಟಿಸಿಕೊಟ್ಟಿದ್ದಾನೆ ಎಂದು ಯೆಹೂದ್ಯರ ಹಿರಿಯರೇ ಯೇಸುಸ್ವಾಮಿಗೆ ತಿಳಿಸಿದರೆಂದು ಸಂತ ಲೂಕರು ಬರೆಯುತ್ತಾರೆ. ಆತ ಬೇಡಿದ್ದು ತನಗಾಗಿ ಅಲ್ಲ, ಸಾವಿನಂಚಿನಲ್ಲಿದ್ದ ತನ್ನ ಸೇವಕನಿಗಾಗಿ. ಯೇಸುಸ್ವಾಮಿ ಆತನ ವಿಶ್ವಾಸವನ್ನು ಕಂಡು ಬೆರಗಾದರು. ಸಮವಸ್ತ್ರ ಧರಿಸಿದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಈ ವರ್ಷ ಆ ಬಾಲಕ ಎದುರಾದರೆ ನಾನು ಜಾರಿಕೊಳ್ಳುವುದಿಲ್ಲ. "ಮಗು, ಎಷ್ಟು ಜನ ಸತ್ತರೆಂದು ನನಗೆ ಗೊತ್ತಿಲ್ಲ. ಅವರಿಗೂ ತಾಯಂದಿರಿದ್ದರು. ಅವರಿಗಾಗಿಯೂ ನಮ್ಮವರಿಗಾಗಿಯೂ ನಾನು ದಿನವೂ ಒಂದು ಪ್ರಾರ್ಥನೆ ಹೇಳುತ್ತೇನೆ. ಬಾ, ಇಂದು ನೀನೂ ನನ್ನೊಡನೆ ಹೇಳು" ಎನ್ನುತ್ತೇನೆ. ಮಗನ ಶವವನ್ನು ಮಡಿಲಲ್ಲಿ ಹೊತ್ತ ಮಾತೆಯ ಹಬ್ಬದಂದು ಇದಕ್ಕಿಂತ ತಕ್ಕ ಉತ್ತರ ನನಗೆ ಹೊಳೆಯದು.

ಓದುಗರೇ, ಧ್ವಜಕ್ಕೆ ವಂದಿಸಿರಿ, ಜಯಕಾರವನ್ನೂ ಹಾಕಿರಿ. ಮನೆಗೆ ಮರಳುವಾಗ, ಮಗನನ್ನು ಗಡಿಗೆ ಕಳುಹಿಸಿ ದಾರಿ ಕಾಯುತ್ತಿರುವ ತಾಯಿ ನಿಮ್ಮ ಬೀದಿಯಲ್ಲಿದ್ದರೆ, ಆಕೆ ಯಾವ ಧರ್ಮದವಳಾದರೂ ಸರಿ, ಹಬ್ಬದ ಮಿಠಾಯಿಯೊಂದಿಗೆ ಆಕೆಯ ಬಾಗಿಲು ತಟ್ಟಿರಿ.