ಕಾಸರಗೋಡಿನ ಗೇಣಿ

1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಪ್ರಸ್ತಾಪ ಬಂದೊಡನೆ ಭಾಷೆಯ ವ್ಯಥೆಯನ್ನಲ್ಲದೆ ಬೇರೇನನ್ನೂ ನುಡಿಯದ ನಾವು, ಮರುವರ್ಷದ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದ ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರವು ಮೊದಲ ವಾರದಲ್ಲಿಯೇ ಸುಗ್ರೀವಾಜ್ಞೆಯ ಮೂಲಕ ಒಕ್ಕಲೆಬ್ಬಿಸುವುದನ್ನು ತಡೆದುದನ್ನೂ, 1970ರ ಜನವರಿ 1ರಿಂದ ಗೇಣಿಪದ್ಧತಿಯೇ ಅಲ್ಲಿ ರದ್ದಾದುದನ್ನೂ ಸ್ಮರಿಸುವುದು ವಿರಳ. ಗೇಣಿದಾರನು ಭೂಮಾಲಿಕನಾದನು, ಧಣಿಯ ಹಿತ್ತಲಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಯವನಿಗೂ, ಹಳ್ಳಿಗಳಲ್ಲಿ 10 ಸೆಂಟ್ಸಿನವರೆಗೆ, ಆ ನೆಲವನ್ನು ಅಗ್ಗದಲ್ಲಿ ಕೊಳ್ಳುವ ಹಕ್ಕು ಲಭಿಸಿತು. ಗೇಣಿಯಕ್ಕಿಯ ಬರವು ನಿಂತ ಮನೆಗಳ ಮಕ್ಕಳು ಉದ್ಯೋಗಾರ್ಥಿಗಳಾಗಿ ಊರು ಬಿಟ್ಟರು. ಅಂಥ ಕೆಲವರು ನಮ್ಮ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ನೆಲೆಸಿರುವುದರಿಂದ, ಅವರೆದುರು ಆ ಕಾನೂನನ್ನು ಹೊಗಳಲು ನನಗೆ ಸಂಕೋಚ. ಆದರೂ ಅದು ನ್ಯಾಯವೆಂದೇ ನನ್ನ ಮತ. ನಮ್ಮಲ್ಲಿ ಗೇಣಿಯನ್ನು ತೊಡೆಯಲು 1974ರಲ್ಲಿ ಅದೇ ದಾರಿಯನ್ನು ಹಿಡಿದವರು, ವಿನೋದವೆಂಬಂತೆ, ಕಾಂಗ್ರೆಸ್ಸಿನ ದೇವರಾಜ ಅರಸರು.